ರಾಮಕೃಷ್ಣನಗರದ ಪಕ್ಕದ ಲಿಂಗಾಂಬುಧಿ: ನಡೆಯಲು ಹೋಗುವವರು ಅನುಭವ ತಿಳಿಸುವಿರಾ?

ಪ್ರಶ್ನೆ: ಮೈಸೂರಿಗೆ ಹೊಸದಾಗಿ ಬಂದವರಿಂದ

ಹಾಸನದಿಂದ ವರ್ಗವಾಗಿ ಬಂದು ರಾಮಕೃಷ್ಣನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೇವೆ. ಜೊತೆಯಲ್ಲಿ ತಂದೆ ತಾಯಿ ಇದ್ದಾರೆ. ತಾಯಿಯವರು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು. ಅರವತ್ತೆಂಟು ತುಂಬಿದೆ, ಮಂಡಿನೋವಿದೆ. ತಂದೆಯವರಿಗೆ ಸಕ್ಕರೆ ಕಾಯಿಲೆ. ಇಬ್ಬರೂ ದಿನವೂ ನಡೆಯಬೇಕೆಂದು ವೈದ್ಯರು ಹೇಳಿದ್ದಾರೆ. ಯಾರನ್ನು ಕೇಳಿದರೂ ಕುಕ್ಕರಹಳ್ಳಿ ಕೆರೆಗೆ ಹೋಗಿ ಎನ್ನುತ್ತಾರೆ. ಆದರೆ ನಾನು ಕಚೇರಿಗೆ ಹೊರಡುವ ಮೊದಲು ಇಬ್ಬರನ್ನೂ ಅಲ್ಲಿಗೆ ಕರೆದೊಯ್ದು ತರುವುದು ದಿನನಿತ್ಯ ಆಗುವ ಕೆಲಸವಲ್ಲ. ಬೀದಿಯಲ್ಲೇ ನಡೆಯೋಣವೆಂದರೆ ನಾಯಿಗಳ ಕಾಟ, ಶಾಲೆಯ ವ್ಯಾನುಗಳ ಅವಸರ.

ಹೀಗಿರುವಾಗ ಮನೆಯಿಂದ ಸ್ವಲ್ಪವೇ ದೂರದಲ್ಲಿ ಒಂದು ಬಾಗಿಲು, ಒಳಗೆ ಮರಗಳ ನಡುವೆ ಮಣ್ಣಿನ ದಾರಿ, ಅದರಾಚೆ ದೊಡ್ಡದೊಂದು ಕೆರೆ ಇರುವುದು ಕಣ್ಣಿಗೆ ಬಿತ್ತು. ಪಕ್ಕದ ಮನೆಯವರು ಹತ್ತು ಹನ್ನೆರಡು ವರ್ಷಗಳಿಂದ ಇಲ್ಲಿಯೇ ಇದ್ದರೂ ಒಳಗೆ ಕಾಲಿಟ್ಟವರಲ್ಲವಂತೆ. "ಅಲ್ಲಿ ಏನಿದೆ, ಬರೀ ಗಿಡಗಂಟಿ" ಎಂದರು. ಹಿರಿಯರಿಗೆ ಈ ದಾರಿ ಹಿಡಿಸುತ್ತದೆಯೇ, ಯಾವ ಹೊತ್ತು ಒಳ್ಳೆಯದು, ತಾಯಿಯವರು ಒಬ್ಬರೇ ಹೋಗಬಹುದೇ, ನೀರಿನ ವಾಸನೆ ಇರುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ಹತ್ತಿರದಲ್ಲಿ ಬೇರೆ ಸಣ್ಣ ಉದ್ಯಾನಗಳಿದ್ದರೆ ಅದನ್ನೂ ಹೇಳಿ.

ಉತ್ತರ: ದತ್ತಗಳ್ಳಿಯಿಂದ, ಬಹುಕಾಲದಿಂದ ಅಲ್ಲಿ ನಡೆಯುವವರು

ನಮಸ್ಕಾರ. ತಾವು ಕಂಡದ್ದು ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ ಕೆರೆ ಇದು. ಬದಿಯಲ್ಲಿರುವ ಮಹಾಲಿಂಗೇಶ್ವರ ದೇವಾಲಯವೂ ಆ ಕಾಲದ್ದೇ. ಎಲ್ಲರೂ ತಮಗೆ ಸೂಚಿಸಿದ ಕುಕ್ಕರಹಳ್ಳಿ ಕೆರೆ ಆದದ್ದು ಅದೇ ದೊರೆಯ ಕಾಲದಲ್ಲಿ, 1864ರಲ್ಲಿ. ಅಂದರೆ ವಯಸ್ಸಿನಲ್ಲಿ ಲಿಂಗಾಂಬುಧಿಯೇ ಹಿರಿಯದು, ಹೆಸರು ಮಾತ್ರ ಕಿರಿಯದಕ್ಕೆ ಸಂದಿತು.

ಇದಕ್ಕೆ ಕಾರಣ ಊರು ಬೆಳೆದ ಬಗೆ. ಕುಕ್ಕರಹಳ್ಳಿಯ ಮಗ್ಗುಲಲ್ಲೇ ವಿಶ್ವವಿದ್ಯಾನಿಲಯ ಇರುವುದರಿಂದ ತಲೆಮಾರುಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ಅಲ್ಲಿ ನಡೆದರು, ಕುವೆಂಪು ಅವರು ಅಲ್ಲಿಯೇ ಅಡ್ಡಾಡುತ್ತಿದ್ದರೆಂಬುದು ಆ ದಾರಿಗೆ ಒಂದು ಕಾವ್ಯದ ಗೌರವವನ್ನೂ ತಂದಿತು. ಕಾರಂಜಿ ಕೆರೆ ಮೃಗಾಲಯಕ್ಕೆ ಸೇರಿದ್ದರಿಂದ ಪ್ರವಾಸಿಗಳ ಪಾಲಾಯಿತು. ಅಲ್ಲಿಗೆ ಚೀಟಿ ತೆಗೆದುಕೊಂಡು ಹೋಗಬೇಕು, ದಿನನಿತ್ಯದ ನಡಿಗೆಗೆ ಅದು ಒಗ್ಗುವುದಿಲ್ಲ. ಲಿಂಗಾಂಬುಧಿಯಾದರೋ ಬಹುಕಾಲ ಊರಾಚೆಯ ಕೆರೆಯಾಗಿಯೇ ಉಳಿಯಿತು. ಲಿಂಗಾಂಬುಧಿಪಾಳ್ಯದವರಿಗೆ, ಶ್ರೀರಾಂಪುರದವರಿಗೆ ಅದು ದನಕರುಗಳಿಗೆ ನೀರು ಕುಡಿಸುವ ಜಾಗ. ಆಮೇಲೆ ಬಡಾವಣೆಗಳು ಬಂದು ಸೈಟುಗಳು ಎದ್ದಾಗ ಹೊಸಬರು ರಸ್ತೆಯ ಕಡೆಗೆ ಮುಖಮಾಡಿ ಮನೆ ಕಟ್ಟಿಕೊಂಡರು, ಕೆರೆ ಹಿತ್ತಲ ಕಡೆಗೆ ಬಿತ್ತು. ನಿಮ್ಮ ನೆರೆಯವರ ಮಾತಿನಲ್ಲಿ ನನಗೇನೂ ಆಶ್ಚರ್ಯವಿಲ್ಲ. ಈ ಸುತ್ತಿನಲ್ಲಿ ಹಾಗೆನ್ನುವ ಮನೆಗಳು ಬೇಕಾದಷ್ಟಿವೆ.

ಈಗ ದಾರಿಯ ಮಾತು. ಕೆರೆ ಮತ್ತು ಅದರ ಅಂಚು ಸೇರಿ ಇನ್ನೂರು ಎಕರೆಗೂ ಮಿಕ್ಕ ಜಾಗ. ಉಸ್ತುವಾರಿ ಅರಣ್ಯ ಇಲಾಖೆಯದು. ಸುತ್ತಲೂ ನಡೆದರೆ ಮೂರರಿಂದ ನಾಲ್ಕು ಕಿಲೋಮೀಟರ್ ಆಗುತ್ತದೆ. ಹೆಚ್ಚಿನ ಭಾಗ ಮಣ್ಣಿನ ದಾರಿ, ಹೊಂಗೆ, ಬೇವು, ಬಿದಿರುಗಳ ನೆರಳು ಅಲ್ಲಲ್ಲಿ ದಟ್ಟವಾಗಿದೆ, ಅಲ್ಲಲ್ಲಿ ಪೂರ್ತಿ ಬಯಲು. ಹೊಸದಾಗಿ ಬರುವವರು ಸಾಮಾನ್ಯವಾಗಿ ಒಂದು ಪೂರ್ತಿ ಸುತ್ತು ಹಾಕಿಯೇ ಮನೆಗೆ ಹೋಗಬೇಕೆಂದು ಹೊರಡುತ್ತಾರೆ. ಹಿರಿಯರಿಗೆ ಇದು ಸಲ್ಲದು. ಕೆರೆಯ ಸುತ್ತಿನಲ್ಲಿ ಅರ್ಧ ದಾರಿಗೆ ಹೋದ ಮೇಲೆ ಕಾಲು ನೋಯಲಾರಂಭಿಸಿದರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಒಳಗೆ ಆಟೋ ಬರುವುದಿಲ್ಲ, ನಡುವೆ ಅಡ್ಡದಾರಿಯೂ ಇಲ್ಲ. ಆದ್ದರಿಂದ ನಿಮ್ಮ ತಾಯಿಯವರು ಬಾಗಿಲಿನಿಂದ ಹದಿನೈದು ಇಪ್ಪತ್ತು ನಿಮಿಷ ಹೋಗಿ, ಒಂದು ಕಲ್ಲುಬೆಂಚಿನಲ್ಲಿ ಕುಳಿತು, ಅದೇ ದಾರಿಯಲ್ಲಿ ಹಿಂದಿರುಗಲಿ. ತಂದೆಯವರು ಬೇಕಾದರೆ ಸುತ್ತು ಮುಗಿಸಿಕೊಂಡು ಬರಲಿ.

ಮಳೆಯ ವಿಷಯದಲ್ಲಿ ಒಂದು ಎಚ್ಚರ. ಮೈಸೂರಿನಲ್ಲಿ ದೊಡ್ಡ ಮಳೆ ಬೀಳುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಜೂನ್ ಜುಲೈಗಳ ಜಿನುಗು ಮಳೆಗೆ ದಾರಿ ಹೆಚ್ಚು ಕೆಡುವುದಿಲ್ಲ. ಆದರೆ ಅಕ್ಟೋಬರಿನ ಸಂಜೆಯ ಗುಡುಗು ಮಳೆ ಹೊಡೆದ ಮರುದಿನ ಕೆಲವು ಕಡೆ ಮಣ್ಣು ಜಾರುತ್ತದೆ, ನೀರು ನಿಲ್ಲುತ್ತದೆ. ಅಂಥ ದಿನಗಳಲ್ಲಿ ಹಿರಿಯರನ್ನು ಮನೆಯಲ್ಲೇ ಇರಿಸುವುದು ವಿವೇಕ.

ಉತ್ತರ: ಶ್ರೀರಾಂಪುರದ ಗೃಹಿಣಿ

ನಿಮ್ಮ ತಾಯಿಯವರು ಒಬ್ಬರೇ ಹೋಗಬಹುದೇ ಎಂಬುದಕ್ಕೆ ನಾನು ಹೇಳುತ್ತೇನೆ, ಏಕೆಂದರೆ ನಾನು ಹೋಗುವುದು ಒಬ್ಬಳೇ.

ಬೆಳಗಿನ ಹೊತ್ತು, ಜನ ಓಡಾಡುವಾಗ, ಬಾಗಿಲಿಗೆ ಹತ್ತಿರವಾದ ಭಾಗದಲ್ಲಿ ಯಾವ ಅಂಜಿಕೆಯೂ ಬೇಡ. ಆರೂವರೆಯಿಂದ ಎಂಟರ ತನಕ ಬರುವ ಮುಖಗಳು ಹೆಚ್ಚುಕಡಿಮೆ ಒಂದೇ. ಒಂದು ವಾರ ಅದೇ ಹೊತ್ತಿಗೆ ಹೋದರೆ ಗುರುತಾಗುತ್ತದೆ, ಎರಡನೆಯ ವಾರ ನಗು ವಿನಿಮಯವಾಗುತ್ತದೆ, ಆಮೇಲೆ ಒಂದು ದಿನ ಹೋಗದಿದ್ದರೆ ಮರುದಿನ "ಯಾಕಮ್ಮಾ, ನಿನ್ನೆ ಕಾಣಲಿಲ್ಲ" ಎಂದು ಕೇಳುವವರಿರುತ್ತಾರೆ. ನನಗೆ ಧೈರ್ಯ ಬಂದದ್ದು ಹೀಗೆ ಕೇಳುವ ಅಜ್ಜಿಯರ ಒಂದು ಗುಂಪಿನಿಂದ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಸೊಸೆಯಂದಿರ ವಿಷಯ ಮಾತನಾಡುತ್ತ ಅವರು ನಡೆಯುವ ವೇಗ ನನ್ನದಕ್ಕಿಂತ ಹೆಚ್ಚು.

ಸಂಜೆ ಕತ್ತಲಾಗುವ ಹೊತ್ತು ಮಾತ್ರ ಬೇಡ. ಜನ ಬೇಗ ಚದುರುತ್ತಾರೆ, ಪೊದೆಗಳಿರುವ ಕಡೆ ಮುಂದಿನ ತಿರುವು ಕಾಣುವುದಿಲ್ಲ, ಸೊಳ್ಳೆಯೂ ಮುತ್ತುತ್ತದೆ. ಮಧ್ಯಾಹ್ನದ ನಂತರ ಬೇಗ ಹೋಗಿ ಐದೂವರೆಯೊಳಗೆ ಹಿಂದಿರುಗುವುದಾದರೆ ತೊಂದರೆಯಿಲ್ಲ. ಮೈಮೇಲೆ ಚಿನ್ನ ಕಡಿಮೆ ಇರಲಿ, ಕಿವಿಗೆ ಹಾಡು ಕೇಳುವ ಸಾಧನ ಬೇಡ, ಕೈಯಲ್ಲಿ ಫೋನ್ ಇರಲಿ. ಅಪರಿಚಿತ ದಾರಿಗೆ ಹೇಳುವ ಮಾತು ಇದು. ಇಲ್ಲಿ ಇಂಥದ್ದೇ ಕೆಟ್ಟದ್ದು ನಡೆದಿದೆಯೆಂದು ಹೇಳುತ್ತಿಲ್ಲ.

ಪ್ರಶ್ನಿಸಿದವರಿಂದ

ಇಬ್ಬರಿಗೂ ವಂದನೆಗಳು. ಮಣ್ಣಿನ ದಾರಿ ಮಂಡಿಗೆ ಒಳ್ಳೆಯದೋ ಸಿಮೆಂಟಿನದು ಒಳ್ಳೆಯದೋ ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ಬಲ್ಲವರು ಹೇಳಬೇಕು. ಇನ್ನೊಂದು ವಿಷಯ: ತಾಯಿಯವರು ಅಲ್ಲಿ ಹಕ್ಕಿಗಳನ್ನು ಕಂಡು ಬಹಳ ಸಂತೋಷಪಟ್ಟರು. ಅವುಗಳ ಹೆಸರು ಕನ್ನಡದಲ್ಲಿ ತಿಳಿಸುವವರಿದ್ದಾರೆಯೇ? "ಮಕ್ಕಳಿಗೆ ಗುಬ್ಬಚ್ಚಿ, ಕಾಗೆ, ಕೊಕ್ಕರೆ ಎಂದು ಮೂರೇ ಹೆಸರು ಕಲಿಸಿ ಮುವ್ವತ್ತು ವರ್ಷ ಕಳೆದೆ" ಎನ್ನುತ್ತಾರೆ.

ಉತ್ತರ: ಕುವೆಂಪುನಗರದಿಂದ, ಫಿಸಿಯೋಥೆರಪಿಯ ವೃತ್ತಿಯವರು

ನೋಡದೆ ಚಿಕಿತ್ಸೆ ಹೇಳಲಾಗದು; ಸಾಮಾನ್ಯವಾಗಿ ಎಲ್ಲರಿಗೂ ಹೇಳುವುದನ್ನಷ್ಟೇ ಬರೆಯುತ್ತೇನೆ.

ಹದವಾದ ಮಣ್ಣಿನ ದಾರಿ ಪಾದಕ್ಕೆ ಮೆತ್ತಗಿರುತ್ತದೆ ನಿಜ, ಆದರೆ ಅದು ಸಮತಟ್ಟಾಗಿರುವುದಿಲ್ಲ. ಬೇರು, ಕಲ್ಲು, ಮಳೆನೀರು ಕೊರೆದ ಸಣ್ಣ ಚರಂಡಿ, ಇವುಗಳ ಮೇಲೆ ಕಾಲಿಟ್ಟಾಗ ಕಣಕಾಲು ಹೊರಳುವ ಸಂಭವ ಹೆಚ್ಚು. ಸಿಮೆಂಟಿನ ದಾರಿ ಗಟ್ಟಿ, ಆದರೆ ಹೆಜ್ಜೆಗೆ ಭರವಸೆ ಕೊಡುತ್ತದೆ. ಅರವತ್ತೆಂಟರ ವಯಸ್ಸಿನಲ್ಲಿ ನಾನು ಮೊದಲು ನೋಡುವುದು ಅವರು ಬೀಳುವ ಭಯವಿಲ್ಲದೆ ನಡೆಯಬಲ್ಲರೇ ಎಂಬುದನ್ನು. ನಡೆಯಬಲ್ಲರಾದರೆ ಮಣ್ಣಿನ ದಾರಿಯೇ ಲೇಸು, ಏಕೆಂದರೆ ಸ್ವಲ್ಪ ಏರುಪೇರಾದ ನೆಲ ದೇಹದ ಸಮತೋಲನಕ್ಕೂ ಕೆಲಸ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ ಬೇಕೆನ್ನುತ್ತದೆ. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸವೂ ಇರಲಿ ಎಂದು ಸೇರಿಸುತ್ತದೆ. ಆ 150 ನಿಮಿಷವನ್ನು ಮೊದಲ ವಾರವೇ ಮುಟ್ಟಬೇಕಾಗಿಲ್ಲ. ಹತ್ತು ನಿಮಿಷದಿಂದ ಆರಂಭಿಸಿ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಲಿ. ನಡೆಯುವಾಗ ತುಸು ನೋವು ಬಂದು ಮನೆಗೆ ಹೋದ ಮೇಲೆ ಇಳಿದರೆ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆಯೂ ಮಂಡಿ ಊದಿಕೊಂಡಿದ್ದರೆ ಹಿಂದಿನ ದಿನದ ನಡಿಗೆ ಹೆಚ್ಚಾಯಿತೆಂದೇ ಅರ್ಥ.

ಊರುಗೋಲು ಹಿಡಿಯಲು ನಮ್ಮ ತಾಯಂದಿರಿಗೆ ಬಲು ಸಂಕೋಚ. ಹಿಡಿದರೂ ನೋವಿರುವ ಕಾಲಿನ ಕಡೆಯ ಕೈಯಲ್ಲೇ ಹಿಡಿಯುತ್ತಾರೆ. ಬಲಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲು ಮುಂದಿಡುವಾಗ ಕೋಲೂ ಜೊತೆಯಲ್ಲೇ ಮುಂದೆ ಹೋಗಬೇಕು. ಆಗ ಮೈಭಾರದ ಒಂದು ಪಾಲು ಮಂಡಿಯ ಮೇಲೆ ಬೀಳದೆ ಕೈಗೆ ಸಾಗುತ್ತದೆ. ಮಂಡಿಗೆ ಏರಿಗಿಂತ ಇಳಿಜಾರು ಹೆಚ್ಚು ಕಷ್ಟ ಕೊಡುವುದರಿಂದ ಇಳಿಯುವಲ್ಲಿ ಹೆಜ್ಜೆ ಚಿಕ್ಕದಿರಲಿ. ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಒಂದೊಂದೇ ಕಾಲನ್ನು ನೇರ ಮಾಡಿ ಕೆಲವು ಕ್ಷಣ ಹಿಡಿದು ಇಳಿಸುವ ಅಭ್ಯಾಸ ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುತ್ತದೆ. ಅದು ಬಲವಾದಷ್ಟೂ ಮಂಡಿಗೆ ಹೊರೆ ಕಡಿಮೆ.

ತಂದೆಯವರ ವಿಷಯ. ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೋ ಬೇಡವೋ ಎಂಬುದನ್ನು ಅವರ ವೈದ್ಯರನ್ನೇ ಕೇಳಿ. ಜೇಬಿನಲ್ಲಿ ನಾಲ್ಕು ಸಕ್ಕರೆ ತುಂಡೋ ಒಂದು ಪೊಟ್ಟಣ ಗ್ಲೂಕೋಸೋ ಇರಲೇಬೇಕು. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಕಂಡರೆ ಅಲ್ಲಿಯೇ ಕುಳಿತು ಬಾಯಿಗೆ ಹಾಕಿಕೊಳ್ಳಬೇಕು, ಮನೆ ಹತ್ತಿರವೇ ಇದೆಯಲ್ಲ ಎಂದು ನಡೆಯಬಾರದು. ಮಣ್ಣಿನ ದಾರಿಗೆ ಚಪ್ಪಲಿ ಬೇಡ, ಮುಚ್ಚಿದ ಶೂ ಮತ್ತು ಕಾಲುಚೀಲ ಬೇಕು. ಮನೆಗೆ ಬಂದು ಕಾಲು ತೊಳೆಯುವಾಗ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಲಿ, ಏಕೆಂದರೆ ಸಕ್ಕರೆ ಕಾಯಿಲೆಯವರಿಗೆ ಜಾಲಿಯ ಮುಳ್ಳು ಚುಚ್ಚಿದ್ದು ಎಷ್ಟೋ ಸಲ ಅರಿವಿಗೇ ಬರುವುದಿಲ್ಲ.

ಉತ್ತರ: ಸರಸ್ವತೀಪುರಂನಿಂದ, ಹಕ್ಕಿ ನೋಡುವ ಹವ್ಯಾಸದವರು

ನಿಮ್ಮ ತಾಯಿಯವರ ಮಾತು ಓದಿ ಬಹಳ ಖುಷಿಯಾಯಿತು. ನಾನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಮನ್ನಿಸಿ.

ಮೊದಲು ಸುಲಭವಾಗಿ ಗುರುತಿಸಬಹುದಾದವು. ನೀರಿನ ಮೇಲೆ ಕಪ್ಪಗೆ, ಹಣೆಯಲ್ಲಿ ಮಾತ್ರ ಬೆಳ್ಳಗೆ ಕಾಣುವ ಹಕ್ಕಿ ನಾಮದ ಕೋಳಿ. ಅಂಗೈಯಷ್ಟೇ ಇದ್ದು, ನೋಡುತ್ತಿದ್ದಂತೆಯೇ ಮುಳುಗಿ ಎಲ್ಲೋ ದೂರದಲ್ಲಿ ಮೇಲೇಳುವುದು ಗುಳುಮುಳುಕ. ಜೊಂಡಿನ ಅಂಚಿನಲ್ಲಿ ಕೆಂಪು ಕೊಕ್ಕು, ಕೆಂಪು ಕಾಲು, ನೀಲಿ ನೇರಳೆ ಮೈಯ ಹಕ್ಕಿ ಜಂಬುಕೋಳಿ; ಪ್ರತಿ ಹೆಜ್ಜೆಗೂ ಬಾಲ ಎತ್ತಿ ಇಳಿಸುತ್ತ ಅದರ ಕೆಳಗಿನ ಬಿಳುಪನ್ನು ತೋರಿಸುತ್ತದೆ. ಒಣಗಿದ ಕೊಂಬೆಯ ಮೇಲೆ ರೆಕ್ಕೆ ಹರಡಿ ಬಟ್ಟೆ ಒಣಹಾಕಿದಂತೆ ನಿಲ್ಲುವುದು ನೀರುಕಾಗೆ. ಅದೇ ಭಂಗಿಯಲ್ಲಿ ನಿಂತು, ಕುತ್ತಿಗೆ ಮಾತ್ರ ಹಾವಿನಂತೆ ನೀಳವಾಗಿದ್ದರೆ ಹಾವಕ್ಕಿ. ದಾರಿಯ ಬದಿಯ ಪೊದೆಗಳಲ್ಲಿ ಪಿಕಳಾರ, ಮಡಿವಾಳ, ಸೂರಕ್ಕಿ, ಕೆಂಬೂತ. ತಂತಿಯ ಮೇಲೆ ಕುಳಿತು ಜೇನುನೊಣ ಹಿಡಿಯುವ ಹಸಿರು ಹಕ್ಕಿ ಕಳ್ಳಿಪೀರ. ಬಯಲಿನಲ್ಲಿ ನಿಮ್ಮನ್ನು ಕಂಡೊಡನೆ ಊರಿಗೆಲ್ಲ ಕೇಳುವಂತೆ ಕೂಗಿ ಹಾರುವುದು ಟಿಟ್ಟಿಭ.

ತಾವರೆ, ನೈದಿಲೆಗಳ ಎಲೆ ಹರಡಿರುವ ಕಡೆ ತಾಯಿಯವರು ಸ್ವಲ್ಪ ಹೊತ್ತು ನಿಲ್ಲಲಿ. ಅಲ್ಲಿ ದೇವನಕ್ಕಿ ಕಾಣಸಿಗುತ್ತದೆ. ಅದರ ಕಾಲ್ಬೆರಳುಗಳು ಮೈಯ ಅಳತೆಗೆ ಹೊಂದದಷ್ಟು ಉದ್ದ. ಮೈಭಾರವನ್ನು ಹಂಚಿಕೊಂಡು ತೇಲುವ ಎಲೆಯ ಮೇಲೆ ನೆಲದ ಮೇಲೆಂಬಂತೆ ನಡೆಯುತ್ತದೆ, ಎಲೆ ಅಂಚಿನಲ್ಲಿ ತುಸುವೇ ಮುಳುಗಿ ನೀರು ನುಗ್ಗುವಷ್ಟರಲ್ಲಿ ಮುಂದಿನ ಎಲೆಗೆ ಕಾಲಿಟ್ಟಿರುತ್ತದೆ. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಮತ್ತೊಂದು ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಕಾವು ಕೊಡುವುದು, ಮರಿಗಳನ್ನು ನೋಡಿಕೊಳ್ಳುವುದು ಗಂಡಿನ ಕೆಲಸ. ಇದನ್ನು ನಮ್ಮ ಮನೆಯಲ್ಲಿ ಹೇಳಿದಾಗ ಬಂದ ಪ್ರತಿಕ್ರಿಯೆಯನ್ನು ಇಲ್ಲಿ ಬರೆಯುವುದಿಲ್ಲ.

ದೊಡ್ಡ ಹಕ್ಕಿಗಳಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ ಮುಖ್ಯ. ಇವು ಗೂಡು ಕಟ್ಟುವುದು ಬೇರೆಡೆ. ಎರಡಕ್ಕೂ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಹೆಸರಾದದ್ದು, ಇತ್ತ ಶ್ರೀರಂಗಪಟ್ಟಣದ ಬಳಿ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆಗಳ ದೊಡ್ಡ ಸಂಸಾರವೇ ಇದೆ. ಆಹಾರಕ್ಕಾಗಿ ಇವು ಮೈಸೂರಿನ ಸುತ್ತಲಿನ ಕೆರೆಗಳನ್ನೆಲ್ಲ ಸುತ್ತುತ್ತವೆ. ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ಒಮ್ಮೆ ನಿಂತು ನೋಡಬೇಕು. ಮೊಣಕಾಲುದ್ದ ನೀರಿನಲ್ಲಿ ನಿಂತು, ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಿಗಿಳಿಸಿ, ಅಕ್ಕಪಕ್ಕ ಆಡಿಸುತ್ತಿರುತ್ತದೆ; ನಡುನಡುವೆ ಒಂದು ಕಾಲಿನಿಂದ ಕೆಸರು ಕಲಕುತ್ತದೆ, ಒಮ್ಮೊಮ್ಮೆ ಒಂದು ಕಡೆಯ ರೆಕ್ಕೆಯನ್ನು ಫಕ್ಕನೆ ಬಿಡಿಸುತ್ತದೆ. ಬೆದರಿದ ಮೀನು ಕೊಕ್ಕಿಗೆ ತಗುಲಿದೊಡನೆ ಕೊಕ್ಕು ಮುಚ್ಚುತ್ತದೆ. ಅದು ಕಣ್ಣಿನಿಂದ ಹುಡುಕುವುದಕ್ಕಿಂತ ಹೆಚ್ಚಾಗಿ ಸ್ಪರ್ಶದಿಂದ ಬೇಟೆಯಾಡುತ್ತದೆ. ಆದ್ದರಿಂದ ಕದಡಿದ ನೀರಿನಲ್ಲೂ ಅದಕ್ಕೆ ತೊಂದರೆಯಿಲ್ಲ. ಅದರ ಜೊತೆಯಲ್ಲೇ ಕೊಕ್ಕಿನ ನಡುವೆ ಸಂದು ಬಿಟ್ಟಿರುವ ಬೂದುಬಿಳಿ ಕೊಕ್ಕರೆ ಕಂಡರೆ ಅದು ಬಾಯ್ಕಳಕ, ಬಸವನಹುಳುಗಳ ಬೇಟೆಗಾರ.

ಕಾಲದ ವಿಷಯ ಹೇಳುವುದಾದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಬನ್ನಿ. ಉತ್ತರದಿಂದ ವಲಸೆ ಬರುವ ಚಲುಕದ ಬಾತು, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತುಗಳು ಆಗ ಬರುತ್ತವೆ, ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ; ಸುತ್ತಲಿನ ಎಲ್ಲ ಕೆರೆಗಳೂ ತುಂಬಿದ ವರ್ಷ ಅವು ಚದುರಿಹೋಗುತ್ತವೆ, ನೀರು ಕಡಿಮೆಯಿದ್ದು ಅಂಚು ಬಯಲಾದ ವರ್ಷ ದಡದಲ್ಲಿ ಕೆದಕಿ ತಿನ್ನುವ ಸಣ್ಣ ಹಕ್ಕಿಗಳು ಹೆಚ್ಚು. ಅದೇ ಕಾಲದಲ್ಲಿ ಜೌಗು ಸೆಳೆವ ಎಂಬ ಬೇಟೆ ಹಕ್ಕಿ ಜೊಂಡಿನ ಮೇಲೆ ತಗ್ಗಿ ತೇಲುವುದನ್ನೂ, ಅದು ಬಂದ ದಿಕ್ಕಿನ ನಾಮದ ಕೋಳಿಗಳೆಲ್ಲ ನೀರು ಚಿಮ್ಮಿಸುತ್ತ ಒಂದೆಡೆ ಗುಂಪುಗೂಡುವುದನ್ನೂ ಕಾಣಬಹುದು. ಏಷ್ಯಾದ ನೀರುಹಕ್ಕಿಗಳ ಗಣತಿ ಪ್ರತಿ ಜನವರಿಯಲ್ಲಿ ನಡೆಯುವಾಗ ಮೈಸೂರಿನ ಹವ್ಯಾಸಿಗಳು ಸುತ್ತಲಿನ ಕೆರೆಗಳಿಗೆ ಎಣಿಕೆಗೆ ಹೋಗುತ್ತಾರೆ. ತಾಯಿಯವರಿಗೆ ಆಸಕ್ತಿಯಿದ್ದರೆ ಜೊತೆಗೆ ಬರಬಹುದು, ಶಿಕ್ಷಕಿಯಾಗಿದ್ದವರು ಪಟ್ಟಿ ಬರೆಯಲು ಸಿಕ್ಕರೆ ನಮಗೇ ಲಾಭ.

ಬೆಳಿಗ್ಗೆ ಹೋಗುವುದಾದರೆ ಕೆರೆಯ ಪೂರ್ವದ ದಡದಲ್ಲಿ ನಿಂತು ಪಡುವಣಕ್ಕೆ ನೋಡಿ. ಸೂರ್ಯ ಬೆನ್ನ ಹಿಂದಿದ್ದು ಬಣ್ಣಗಳು ಸ್ಪಷ್ಟವಾಗಿ ಕಾಣುತ್ತವೆ. ಎದುರು ದಡದಿಂದ ನೋಡಿದರೆ ಎಲ್ಲ ಹಕ್ಕಿಗಳೂ ಕಪ್ಪು. ದುರ್ಬೀನು ಕೊಳ್ಳುವುದಾದರೆ ಎಂಟು ಪಟ್ಟು ಹಿಗ್ಗಿಸುವುದು ಸಾಕು. ಅದಕ್ಕಿಂತ ಹೆಚ್ಚಿನದು ಕೈ ನಡುಗುವ ವಯಸ್ಸಿನಲ್ಲಿ ಚಿತ್ರವನ್ನೂ ನಡುಗಿಸುತ್ತದೆ.

ಉತ್ತರ: ಹೆಸರು ಬೇಡವೆಂದವರು, ಕೆರೆಯ ಪಕ್ಕದಲ್ಲೇ ಮನೆ

ಇಲ್ಲಿಯವರೆಗೆ ಎಲ್ಲರೂ ಹೊಗಳಿಕೆಯನ್ನೇ ಬರೆದಿರುವುದರಿಂದ ಇನ್ನೊಂದು ಮುಖವನ್ನು ನಾನು ಹೇಳಬೇಕಾಗಿದೆ. ವಾಸನೆ ಇರುತ್ತದೆಯೇ ಎಂದು ಕೇಳಿದ್ದೀರಿ. ಇರುತ್ತದೆ, ಎಲ್ಲ ದಿನವೂ ಅಲ್ಲ, ಎಲ್ಲ ಕಡೆಯೂ ಅಲ್ಲ. ಸುತ್ತಲಿನ ಬಡಾವಣೆಗಳ ಕೊಳಚೆ ನೀರು ಕೆರೆಗೆ ಸೇರುವ ಸಮಸ್ಯೆ ಹಳೆಯದು. ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ, ಕೆಲಸ ನಡೆದದ್ದೂ ಇದೆ, ಮತ್ತೆ ಸೇರಿದ್ದೂ ಇದೆ. ಬರದ ವರ್ಷದಲ್ಲಿ ಕೆರೆ ಬತ್ತಿ ನೆಲ ಬಿರುಕುಬಿಟ್ಟದ್ದನ್ನೂ ನಾವು ಕಂಡಿದ್ದೇವೆ.

ಇದರ ಪರಿಣಾಮ ನಡೆಯುವವರಿಗೆ ತಿಳಿದಿದ್ದರೆ ಒಳ್ಳೆಯದು. ಕೊಳಚೆಯ ಜೊತೆ ಬರುವ ಸಾರಜನಕ, ರಂಜಕಗಳು ಪಾಚಿಗೂ ಜಲಕಳೆಗೂ ಗೊಬ್ಬರವಾಗುತ್ತವೆ. ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ತಾನೇ ಅದನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುವುದು ಬೆಳಕು ಹರಿಯುವ ಹೊತ್ತಿಗೆ. ಮೋಡ ಕವಿದ ದಿನಗಳು ಒಂದರ ಮೇಲೊಂದು ಬಂದಾಗ, ಅಥವಾ ಬೇಸಿಗೆಯ ಮೊದಲ ಜೋರು ಮಳೆ ಚರಂಡಿಗಳ ಕಸವನ್ನೆಲ್ಲ ಕೊಚ್ಚಿ ತಂದಾಗ, ಬೆಳಿಗ್ಗೆ ಮೀನುಗಳು ಬಾಯಿ ಮೇಲೆ ಮಾಡಿ ನೀರಿನ ಅಂಚಿನಲ್ಲಿ ಒದ್ದಾಡುವುದು ಕಾಣುತ್ತದೆ. ಅಂಥ ಬೆಳಿಗ್ಗೆ ಕೊಕ್ಕರೆಗಳು ಎಂದಿಗಿಂತ ಹೆಚ್ಚು ಬಂದಿರುತ್ತವೆ. ಹೊಸಬರು ಫೋಟೋ ತೆಗೆದು ಸಂಭ್ರಮಿಸುತ್ತಾರೆ. ಅದು ಸಂಭ್ರಮದ ಸಂಗತಿಯಲ್ಲ, ಕೆರೆಗೆ ಉಸಿರು ಕಟ್ಟಿದೆ. ಹೀಗೆ ಕಂಡರೆ ಬಾಗಿಲಿನ ಬಳಿಯ ಸಿಬ್ಬಂದಿಗೆ ಒಂದು ಮಾತು ಹೇಳಿ, ಜಾಗ ಮತ್ತು ಸಮಯ ಕಾಣುವಂತೆ ಚಿತ್ರ ತೆಗೆದಿಡಿ.

ದಾರಿಯ ಬಗ್ಗೆಯೂ ಒಂದೆರಡು ಮಾತು. ಪಾರ್ಥೇನಿಯಂ ಹೂಬಿಡುವ ಕಾಲದಲ್ಲಿ ಅಲರ್ಜಿ ಇರುವವರಿಗೆ ಸೀನು ಹತ್ತುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮೈಸೂರಿನ ಸುತ್ತ ಕೊಳಕುಮಂಡಲ ಅಪರೂಪದ ಹಾವಲ್ಲ. ದಾರಿಯ ಮಧ್ಯದಲ್ಲಿ ನಡೆಯಬೇಕು, ಹುಲ್ಲಿಗೆ ಇಳಿಯಬಾರದು, ಕಲ್ಲುಬೆಂಚಿನ ಮೇಲೆ ಕುಳಿತುಕೊಳ್ಳುವ ಮೊದಲು ಅದರ ಕೆಳಗೆ ನೋಡಬೇಕು. ಮೀನಿಗೆಂದು ಬ್ರೆಡ್ಡು, ಪುರಿ ಎಸೆಯುವವರ ಜೊತೆ ನಾನು ಜಗಳವಾಡಿ ಸೋತಿದ್ದೇನೆ. ನೀವಾದರೂ ಎಸೆಯಬೇಡಿ, ಕೊಳೆತರೆ ಅದೂ ಆಮ್ಲಜನಕವನ್ನೇ ತಿನ್ನುತ್ತದೆ.

ಇನ್ನೊಂದು ಮಾತನ್ನು ಹೇಳಲೇ ಬೇಕು. ಯಾರಿಗೂ ಗೊತ್ತಿಲ್ಲದ ಜಾಗ ಎಂದು ಬರೆದಾಗಲೆಲ್ಲ ಮುಂದಿನ ಭಾನುವಾರ ಚಿಪ್ಸಿನ ಪೊಟ್ಟಣ ಹಿಡಿದ ಹೊಸ ಗುಂಪೊಂದು ಬರುತ್ತದೆ. ಹಾಗೆಂದು ಗುಟ್ಟಾಗಿಡಿ ಎಂದೂ ಹೇಳಲಾರೆ, ಏಕೆಂದರೆ ನೋಡುವವರಿಲ್ಲದ ಕೆರೆಗೇ ರಾತ್ರಿ ಹೊತ್ತು ಕಟ್ಟಡದ ಕಸ ತಂದು ಸುರಿಯುವುದು. ದಿನವೂ ನಡೆಯುವ ನೂರು ಜನ ಇದ್ದರೆ ಕೆರೆಗೆ ಕಾವಲು. ವಾರಕ್ಕೊಮ್ಮೆ ಬರುವ ಸಾವಿರ ಜನರಿಂದ ಆ ಕಾವಲು ಸಿಗುವುದಿಲ್ಲ.

ಉತ್ತರ: ಬಡಾವಣೆಯ ನಿವಾಸಿಗಳ ಸಂಘದಲ್ಲಿ ಕೆಲಸ ಮಾಡಿದವರು

ಸಣ್ಣ ಉದ್ಯಾನಗಳ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಒಂದೊಂದರ ಹೆಸರು ಹೇಳುವುದಕ್ಕಿಂತ ಹುಡುಕುವ ದಾರಿ ಹೇಳುತ್ತೇನೆ, ಬೇರೆ ಊರಿನವರಿಗೂ ಉಪಯೋಗವಾದೀತು.

ಪ್ರಾಧಿಕಾರದ ಅನುಮೋದನೆ ಪಡೆದ ಪ್ರತಿಯೊಂದು ಬಡಾವಣೆಯ ನಕ್ಷೆಯಲ್ಲೂ ಉದ್ಯಾನಕ್ಕೆಂದು ಜಾಗ ಬಿಟ್ಟೇ ಇರುತ್ತಾರೆ. ನಿಮ್ಮ ಮನೆಯ ಮಾಲೀಕರ ಬಳಿ ಸೈಟಿನ ಕಾಗದಪತ್ರಗಳ ಜೊತೆ ಬಡಾವಣೆಯ ನಕ್ಷೆಯ ಪ್ರತಿ ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ಹಸಿರು ಬಣ್ಣದ ಅಥವಾ ಪಾರ್ಕ್ ಎಂದು ಬರೆದ ತುಂಡುಗಳನ್ನು ಗುರುತಿಸಿಕೊಂಡು ಒಂದು ಭಾನುವಾರ ಸುತ್ತಿ ನೋಡಿ. ಕೆಲವು ಚೆನ್ನಾಗಿರುತ್ತವೆ, ಕೆಲವಕ್ಕೆ ಬೇಲಿ ಮಾತ್ರ ಇರುತ್ತದೆ, ಕೆಲವು ಕಡೆ ಬೀಗ ಹಾಕಿ ಕೀಲಿಯನ್ನು ಎದುರು ಮನೆಯವರ ಬಳಿ ಕೊಟ್ಟಿರುತ್ತಾರೆ. ಉಪಗ್ರಹ ಚಿತ್ರದಲ್ಲಿ ಹಂಚು, ತಾರಸಿಗಳ ನಡುವೆ ಚೌಕಾಕಾರದ ಹಸಿರು ಕಂಡರೂ ಹೆಚ್ಚಾಗಿ ಅದೇ. ಇಂಥ ಜಾಗಗಳಿಗೆ ಕಾನೂನಿನ ರಕ್ಷಣೆಯೂ ಇದೆ: ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳನ್ನು ಉಳಿಸುವುದಕ್ಕಾಗಿಯೇ 1985ರ ಕರ್ನಾಟಕ ಕಾಯ್ದೆಯೊಂದು ಜಾರಿಯಲ್ಲಿದೆ. ಸಂಘದ ಅರ್ಜಿಯಲ್ಲಿ ಆ ಕಾಯ್ದೆಯ ಹೆಸರು ಬರೆದು, ನಕ್ಷೆಯ ಪ್ರತಿ ಲಗತ್ತಿಸಿ ಪಾಲಿಕೆಗೆ ಕೊಟ್ಟರೆ, "ಇದು ಉದ್ಯಾನವೇ ಅಲ್ಲ" ಎನ್ನುವ ಉತ್ತರ ಬರುವುದಿಲ್ಲ. ಕೆಲಸ ಬೇಗ ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಮಂಡಿನೋವಿನ ತಾಯಿಯವರಿಗೆ ನನ್ನ ಸಲಹೆ ಇದು: ಮಳೆಗಾಲದಲ್ಲಿ ಮತ್ತು ಮಂಡಿ ಹೆಚ್ಚು ನೋಯುವ ದಿನಗಳಲ್ಲಿ ಇಂಥ ಸಣ್ಣ ಉದ್ಯಾನದ ಹಾಸುಗಲ್ಲಿನ ದಾರಿ, ಉಳಿದ ದಿನ ಲಿಂಗಾಂಬುಧಿ. ಸಣ್ಣ ಉದ್ಯಾನದಲ್ಲಿ ಒಂದೇ ವೃತ್ತವನ್ನು ಸುತ್ತಿ ಸುತ್ತಿ ಬೇಸರವಾಗುತ್ತದೆ ನಿಜ, ಆದರೆ ಯಾವ ಸುತ್ತಿನಲ್ಲಿ ಬೇಕಾದರೂ ನಿಲ್ಲಿಸಿ ಮನೆಗೆ ಬರಬಹುದು. ಒಂದೇ ದಿಕ್ಕಿನಲ್ಲಿ ಸುತ್ತುವುದರ ಬದಲು ಅರ್ಧದಷ್ಟಾದ ಮೇಲೆ ದಿಕ್ಕು ಬದಲಿಸಿಕೊಳ್ಳಲಿ.

ಉತ್ತರ: ರಾಮಕೃಷ್ಣನಗರದಿಂದ, ನಿವೃತ್ತ ನೌಕರರು

ಮೇಲಿನವರು ಬಿಟ್ಟ ಕೆಲವು ಸಣ್ಣ ವಿಷಯಗಳು. ಕೆರೆಯ ಬಾಗಿಲು ಇಡೀ ದಿನ ತೆರೆದಿರುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆಯ ವೇಳೆ ಬಾಗಿಲ ಬಳಿಯ ಫಲಕದಲ್ಲಿ ಬರೆದಿರುತ್ತದೆ, ಹೊರಡುವ ಮೊದಲು ಅದನ್ನು ಓದಿಕೊಂಡು ಹಿಂದಿರುಗುವ ಹೊತ್ತನ್ನು ಲೆಕ್ಕ ಹಾಕಿಕೊಳ್ಳಿ. ಕೆರೆಗೆ ಹೊಂದಿಕೊಂಡಂತೆ ತೋಟಗಾರಿಕೆ ಇಲಾಖೆಯ ಸಸ್ಯತೋಟವೂ ಇದೆ. ಅಲ್ಲಿಯ ದಾರಿಗಳು ಕೆರೆಯಂಚಿನ ದಾರಿಗಿಂತ ಸಮತಟ್ಟು, ಆದ್ದರಿಂದ ತಾಯಿಯವರನ್ನು ಮೊದಲು ಅಲ್ಲಿಗೆ ಕರೆದೊಯ್ದು ನೋಡಿ. ಒಳಗೆ ಹೋದ ಮೇಲೆ ಶೌಚಾಲಯ ಹುಡುಕಿಕೊಂಡು ದೂರ ನಡೆಯಬೇಕಾಗುತ್ತದೆ, ಹಿರಿಯರು ಮನೆಯಲ್ಲೇ ಮುಗಿಸಿಕೊಂಡು ಬರುವುದು ಕ್ಷೇಮ. ಕುಡಿಯುವ ನೀರನ್ನು ಸ್ಟೀಲ್ ಬಾಟಲಿಯಲ್ಲಿ ತನ್ನಿ.

ನಿಮ್ಮ ತಂದೆಯವರಿಗೆ ಮಾತಿಗೆ ಜೊತೆ ಬೇಕಿದ್ದರೆ ನಮ್ಮದೊಂದು ಗುಂಪಿದೆ. ಏಳು ಗಂಟೆಯ ಹೊತ್ತಿಗೆ ರಾಮಕೃಷ್ಣನಗರದ ಕಡೆಯ ಬಾಗಿಲ ಬಳಿ ಇರುತ್ತೇವೆ. ರಾಜಕೀಯ ಮಾತನಾಡುವುದಾದರೆ ವಾಪಸು ಬರುವ ದಾರಿಯಲ್ಲಿ ಮಾತ್ರ ಎಂದು ನಿಯಮ ಮಾಡಿಕೊಂಡಿದ್ದೇವೆ, ಹೋಗುವಾಗ ಉಸಿರು ಉಳಿಯಬೇಕಲ್ಲ.